ಕಮಾನು ಕಟ್ಟದ ತಿಂಗಳುಗಳು

ಕಂದಾಯ ಇಲಾಖೆಗೆ ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ಹೋದ ವರ್ಷ ಕೊಪ್ಪಳದಲ್ಲಿ ಒಂದು ತರಬೇತಿಗೆ ನನ್ನನ್ನು ಕರೆದಿದ್ದರು. ವೇದಿಕೆ ಹತ್ತುವ ಮುಂಚೆ ಆಯೋಜಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ರಾಜ್ಯಪಾಲರ ಆಡಳಿತದಾಗ ನಡದದ್ದು ಅದೊಂದು ವಿಷಯ ಬಿಟ್ಟುಬಿಡ್ರಿ. ಉಳಿದದ್ದು ಏನ್ ಬೇಕಾದ್ರೂ ಹೇಳ್ರಿ," ಎಂದರು. ಆಗಿನವರಲ್ಲಿ ಕೆಲವರು ಈಗಲೂ ಅಧಿಕಾರದಲ್ಲಿದ್ದಾರೆ ಎಂಬ ಭಯ ಅವರಿಗೆ. ನಾನು ಉಳಿದದ್ದನ್ನು ಹೇಳಿದೆ. ಪಹಣಿ ತಿದ್ದುಪಡಿ, ಚುನಾವಣೆ ಕೆಲಸ, ಜಾತಿ ಪ್ರಮಾಣಪತ್ರ. ಹುಡುಗರು, ಹುಡುಗಿಯರು ಆಕಳಿಸಿದರು. ಅವರ ತಪ್ಪಲ್ಲ, ನನಗೂ ಆಕಳಿಕೆ ಬಂದಿತ್ತು.

ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಧಿಕಾರದಲ್ಲಿದ್ದವರ ಹೆಸರುಗಳನ್ನು ಬರೆಯುವುದಿಲ್ಲ. ಹೆದರಿಕೆಗಲ್ಲ, ಹೆಸರು ಬರೆದರೆ ಓದುವವರು ಅವರೊಬ್ಬರದೇ ದೋಷ ಎಂದು ತಿಳಿದು ನಿಶ್ಚಿಂತರಾಗುತ್ತಾರೆ.

ನಾನು ದುರುಗಮ್ಮ, ಇರಕಲ್ಲಗಡದವಳು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ನನ್ನ ಬೆನ್ನಿಗೆ ಹುಟ್ಟಿದವನು ತಮ್ಮ ಯಮನೂರ. ನಾನು ಓದಿ ದ್ವಿತೀಯ ದರ್ಜೆ ಸಹಾಯಕಿಯಾಗಿ ನೌಕರಿಗೆ ಸೇರಿದೆ. ಅವನು ಓದು ಬಿಟ್ಟು ಮೈಕ್ ಅಂಗಡಿಯವರ ಕೈಕೆಳಗೆ ದುಡಿದು, ಮುಂದೆ ತಾನೇ ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಬಾಡಿಗೆಗೆ ಕೊಡುವವನಾದ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬ ಕಥೆ ಯಾರಿಗೂ ಬೇಡ. ಉಪ ತಹಶೀಲ್ದಾರಳಾಗಿ ಗಂಗಾವತಿಗೆ ಹೋದೆ, ಅಲ್ಲಿ ನನಗೆ ಶಿಷ್ಟಾಚಾರದ ಕೆಲಸ ಅಂಟಿಕೊಂಡಿತು ಎಂದರೆ ಸಾಕು.

ಶಿಷ್ಟಾಚಾರ ಎಂದರೆ ಕೈ ಮುಗಿಯುವುದು ಎಂದು ಹೊಸಬರು ತಿಳಿದಿರುತ್ತಾರೆ. ಕೈ ಮುಗಿಯುವುದು ಅದರಲ್ಲಿ ಬಹಳ ಸುಲಭದ ಭಾಗ. ಮಂತ್ರಿಯೊಬ್ಬರು ಬರುತ್ತಾರೆ ಎಂದರೆ ಊರ ಹೊರಗೊಂದು ಕಮಾನು, ವೃತ್ತದಲ್ಲೊಂದು ಕಮಾನು, ಪ್ರವಾಸಿ ಮಂದಿರದ ಬಾಗಿಲಿಗೊಂದು ಕಮಾನು. ಬಾಳೆಕಂಬ, ಹೂವಿನ ಹಾರ, ಶಾಲು, ಪೇಟ, ನೆನಪಿನ ಕಾಣಿಕೆಗೆ ಕಿನ್ನಾಳದ ಗೊಂಬೆ. ಪ್ರವಾಸಿ ಮಂದಿರದ ಕಟ್ಟಡ ನಮ್ಮದಲ್ಲ, ಆದರೆ ಬಂದವರ ಊಟ, ಉಪಚಾರ, ಕೊಠಡಿ ನಮ್ಮ ತಲೆಯ ಮೇಲೆ. ಒಬ್ಬರಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಬೇಕು. ಇನ್ನೊಬ್ಬರಿಗೆ ಬೆಳ್ಳುಳ್ಳಿ ಸೋಕಬಾರದು. ಮತ್ತೊಬ್ಬರಿಗೆ ಡ್ಯಾಮಿನ ಮೀನೇ ಆಗಬೇಕು, ಅದೂ ಸಿದ್ದಾಪುರದ ಕಡೆಯವರು ಮಾಡುವ ಹುಳಿಸಾರಿನಲ್ಲಿ. ಇವರೊಂದಿಗೆ ಬರುವ ಮೂವತ್ತು ನಲವತ್ತು ಹಿಂಬಾಲಕರು ಏನು ಕೊಟ್ಟರೂ ತಿನ್ನುತ್ತಿದ್ದರು, ಆದರೆ ಕೊಡದೆ ಬಿಡುವಂತಿರಲಿಲ್ಲ.

ಒಂದು ಫಜೀತಿ ಹೇಳುತ್ತೇನೆ. ಮಂತ್ರಿಯೊಬ್ಬರ ಖಾತೆ ಹಿಂದಿನ ದಿನವಷ್ಟೇ ಬದಲಾಗಿತ್ತು. ಪೇಂಟರ್‌ಗೆ ಹೇಳಬೇಕಾದದ್ದು ನಾನು, ಕೆಲಸದ ಗಡಿಬಿಡಿಯಲ್ಲಿ ಹೇಳಲಿಲ್ಲ. ಪಶುಸಂಗೋಪನೆ ಸಚಿವರು "ಸಣ್ಣ ನೀರಾವರಿ ಸಚಿವರಿಗೆ ಸುಸ್ವಾಗತ" ಎಂಬ ಕಮಾನಿನ ಕೆಳಗೆ ಬಂದಿಳಿದರು. ಕಮಾನು ಓದಿದ ಜನ ದಿನವಿಡೀ ಅವರ ಕೈಗೆ ಕೆರೆ ಹೂಳೆತ್ತುವ ಅರ್ಜಿಗಳನ್ನೇ ಕೊಟ್ಟರು. ಅವರು ನಗುತ್ತಾ ಎಲ್ಲವನ್ನೂ ತೆಗೆದುಕೊಂಡು, ಎಲ್ಲದಕ್ಕೂ ಆಗಲಿ ಎಂದರು. ಖಾತೆ ಯಾವುದಾದರೂ ಅವರ ಉತ್ತರ ಅದೇ ಇರುತ್ತಿತ್ತು ಎಂದು ನನಗೆ ಅವತ್ತು ತಿಳಿಯಿತು.

ಇನ್ನೊಂದು ನಗುವಂಥದ್ದಲ್ಲ. ಒಂದು ಹಳ್ಳಿಯಲ್ಲಿ ಶಾಲಾ ಕೊಠಡಿಗೆ ಶಂಕುಸ್ಥಾಪನೆ. ಇದ್ದ ಎರಡು ಕೊಠಡಿಗಳಲ್ಲಿ ಕುರ್ಚಿ, ಜಮಖಾನೆ, ಅಡುಗೆ ಪಾತ್ರೆ ತುಂಬಿಸಿದೆವು. ಮಕ್ಕಳನ್ನು ಮನೆಗೆ ಕಳಿಸಿದೆವು. ಭಾಷಣ, ಊಟ, ಸನ್ಮಾನ ಎಲ್ಲ ಆಯಿತು. ಆಮೇಲೆ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ನೋಡುತ್ತಿದ್ದೆ. ಕಲ್ಲು ಇತ್ತು, ಕೊಠಡಿ ಇರಲಿಲ್ಲ. ಅನುದಾನ ಬಂದಿಲ್ಲ ಎನ್ನುತ್ತಿದ್ದರು. ಶಾಮಿಯಾನಕ್ಕೆ ಬಂದ ದುಡ್ಡು ಕೊಠಡಿಗೆ ಯಾಕೆ ಬರಲಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಜಾಗ ನನ್ನದಾಗಿರಲಿಲ್ಲ.

ಆಗ ಸರ್ಕಾರ ಬಿತ್ತು. ವಿಧಾನಸಭೆ ವಿಸರ್ಜನೆಯಾಗಿ ರಾಜ್ಯಪಾಲರ ಆಡಳಿತ ಬಂತು. ಬೆಂಗಳೂರಿನಲ್ಲಿ ಯಾರು ಕುಳಿತರೂ ಗಂಗಾವತಿಯಲ್ಲಿ ಏನು ಬದಲಾಗುತ್ತದೆ ಎಂದುಕೊಂಡಿದ್ದೆ. ಕೆಲವೇ ವಾರಗಳಲ್ಲಿ ಒಂದು ಸುತ್ತೋಲೆ ಬಂತು. ಬೊಕ್ಕಸದ ಸ್ಥಿತಿ ಚೆನ್ನಾಗಿಲ್ಲ, ಅನವಶ್ಯಕ ಖರ್ಚು ನಿಲ್ಲಬೇಕು. ಕಮಾನು ಇಲ್ಲ, ಹಾರ, ಶಾಲು, ಪೇಟ, ಕಾಣಿಕೆ ಇಲ್ಲ. ಪತ್ರಿಕೆಗಳಲ್ಲಿ ಮುಖ ತೋರಿಸುವ ಜಾಹೀರಾತು ಇಲ್ಲ. ಅಧಿಕಾರಿಗೆ ಒಂದೇ ವಾಹನ. ಪ್ರವಾಸಿ ಮಂದಿರದಲ್ಲಿ ಹಕ್ಕಿಲ್ಲದವರು ಉಳಿದರೆ ಬಾಡಿಗೆ, ಉಂಡರೆ ಊಟದ ದುಡ್ಡು.

ಎಲ್ಲ ಪಕ್ಷದವರೂ ಒಂದಾಗಿ ಕೂಗಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ಜನಪ್ರತಿನಿಧಿಗಳಿಗೆ ಅವಮಾನ ಎಂದರು. ಆರಿಸಿ ಬರದವರಿಗೆ ಈ ಅಧಿಕಾರ ಕೊಟ್ಟವರು ಯಾರು ಎಂದರು. ಆ ಪ್ರಶ್ನೆ ತಪ್ಪಲ್ಲ, ನನಗೂ ಅನ್ನಿಸಿತ್ತು. ಆದರೆ ಆರಿಸಿ ಬಂದವರು ಇದ್ದಾಗ ಮಾಡಲಿಲ್ಲವಲ್ಲ. ನಿಯೋಗದ ಮೇಲೆ ನಿಯೋಗ ರಾಜಭವನಕ್ಕೆ ಹೋದವು. ರಾಜ್ಯಪಾಲರು ಎಲ್ಲರಿಗೂ ಚಹಾ ಕೊಟ್ಟು ಕಳಿಸಿ, ಮೊದಲನೆಯದಕ್ಕಿಂತ ಬಿಗಿಯಾದ ಎರಡನೇ ಸುತ್ತೋಲೆ ಹೊರಡಿಸಿದರು.

ನನ್ನ ಸಹೋದ್ಯೋಗಿಗಳು ಅದನ್ನು ಓದಿ ಫೈಲಿನಲ್ಲಿ ಹಾಕಿದರು. "ಎರಡು ತಿಂಗಳ ಆಟ ಮೇಡಂ. ಸುಮ್ನ ಇರ್ರಿ, ತಾನ ಹೋಗ್ತೈತಿ," ಎಂದರು. ನಾನು ಅದರ ಒಂದು ಪ್ರತಿಯನ್ನು ಪ್ರವಾಸಿ ಮಂದಿರದ ಗೋಡೆಗೆ ಅಂಟಿಸಿದೆ. ಶಾಲಾ ಕೊಠಡಿಯ ಸಿಟ್ಟು ನನ್ನೊಳಗೆ ಇತ್ತು, ಈಗ ಅದಕ್ಕೊಂದು ಕಾಗದದ ಆಸರೆ ಸಿಕ್ಕಿತ್ತು.

ಮೊದಲು ಬಂದವರು ಧಣಿ. ಅವರು ಯಾವ ಕ್ಷೇತ್ರದವರೆಂಬುದು ಬೇಡ. ನಿನ್ನೆಯವರೆಗೆ ಶಾಸಕರು, ಎಲ್ಲರೂ ಧಣಿ ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಮಂದಿಯನ್ನು ಕಟ್ಟಿಕೊಂಡು ಬಂದು ಪ್ರವಾಸಿ ಮಂದಿರದ ಹಾಲ್‌ನಲ್ಲಿ ಕುಳಿತರು.

"ಏನವಾ ದುರುಗಮ್ಮ, ಊಟಕ್ಕ ಏನ್ ಮಾಡಿಸೀದಿ?"

"ಏನೂ ಮಾಡಿಸಿಲ್ರಿ. ಹೊಸ ಆದೇಶ ಬಂದೈತ್ರಿ. ರೊಕ್ಕ ಕೊಟ್ರ ಹುಲಿಗೆಮ್ಮ ಮಾಡಿ ಬಡಸ್ತಾಳ."

ಹುಲಿಗೆಮ್ಮ ಅಲ್ಲಿ ದಿನಗೂಲಿಯ ಮೇಲೆ ಅಡುಗೆ ಮಾಡುತ್ತಿದ್ದ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು. ಅವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ನಾ ಯಾರು ಅನ್ನೂದು ಗೊತ್ತೈತಿಲ್ಲ?" ಧಣಿ ಕೇಳಿದರು.

"ಗೊತ್ತೈತ್ರಿ. ಮಾಜಿ ಶಾಸಕರು."

ಮಾಜಿ ಎಂಬ ಮಾತನ್ನು ಅವರ ಮುಖದ ಮುಂದೆ ಅದುವರೆಗೆ ಯಾರೂ ಆಡಿರಲಿಲ್ಲವೇನೋ. ಮುಖ ಬಿಗಿಯಿತು. "ಆ ರಾಜ್ಯಪಾಲ ಎಷ್ಟ ದಿನ ಇರ್ತಾನ? ಆಮ್ಯಾಲ ಬರೋರು ನಾವಾ."

"ಬರ್ರಿ. ಬಂದು ಆದೇಶ ತಿದ್ರಿ. ಇವತ್ತ ಇದ ಐತಿ."

ಅವರು ನನ್ನನ್ನು ಅಳೆಯುವವರಂತೆ ನೋಡಿದರು. ಆಮೇಲೆ ನಕ್ಕು, "ಊಟ ಬ್ಯಾಡ ಬಿಡು. ಎಲ್ಲಾರಿಗೂ ಚಾ ಹೇಳು. ನೋಡೂಣ ಚಾಕ್ಕೂ ರೊಕ್ಕ ತಗೊಂತೀ ಏನಂತ," ಎಂದರು.

ಹುಲಿಗೆಮ್ಮ ಚಹಾ ಮಾಡಿ ತಂದಳು. ಕುಡಿದಾದ ಮೇಲೆ ನಾನು ರಸೀದಿ ಬರೆದು ಮುಂದೆ ಇಟ್ಟೆ. ಧಣಿ ಪಕ್ಕದವನ ಜೇಬಿನಿಂದ ನೋಟು ತೆಗೆಸಿ ಮೇಜಿನ ಮೇಲೆ ಒಗೆದರು. "ಚಿಲ್ಲರ ನೀನ ಇಟಗೋ."

"ಇಟಗೊಳ್ಳಾಕ ಬರಂಗಿಲ್ರಿ," ಎಂದು ಚಿಲ್ಲರೆ ಎಣಿಸಿ ವಾಪಸು ಕೊಟ್ಟೆ.

ಆ ಸಂಜೆಯೊಳಗೆ ಸುದ್ದಿ ಕೊಪ್ಪಳ ಮುಟ್ಟಿತ್ತು. ಮರುದಿನ ತಮ್ಮ ಯಮನೂರ ಮನೆಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರಲಿಲ್ಲ.

"ಅಕ್ಕಾ, ಇದನ್ನ ಯಾಕ ನೀನಾ ಮಾಡಬೇಕು? ಬ್ಯಾರೆ ತಾಲೂಕಿನಾಗ ಯಾರೂ ಮಾಡವಲ್ರು. ಯಲಬುರ್ಗಾದಾಗ ಮೊನ್ನಿ ಕಮಾನ ಕಟ್ಯಾರ."

"ಅವರು ಕಟ್ಯಾರ ಅಂತ ನಾನೂ ಕಟ್ಟಬೇಕೇನು?"

"ನಾನು ಹೊಸ ಕುರ್ಚಿ ತಂದೀನಿ. ಶಾಮಿಯಾನಕ್ಕ ಹೊಸ ಬಟ್ಟಿ ಹೊಲಿಸೀನಿ. ಸರ್ಕಾರಿ ಕಾರ್ಯಕ್ರಮನ ನನ್ನ ಅನ್ನ. ಹುಡುಗ್ರು ಆರು ಮಂದಿ ಅದಾರ ನನ್ನ ಕೂಡ ದುಡಿಯೋರು. ನಿನಗ ತಿಂಗಳಾದ್ರ ಪಗಾರ ಬರ್ತೈತಿ."

ನಾನು ಅವನಿಗೆ ನಮ್ಮ ಕಚೇರಿಯ ಕೆಲಸವನ್ನು ಎಂದೂ ಕೊಟ್ಟವಳಲ್ಲ. ಜನ ಆಡಿಕೊಳ್ಳಬಾರದೆಂದು ಬೇರೆಯವರನ್ನೇ ಕರೆಯುತ್ತಿದ್ದೆ. ಅವನು ಉಳಿದ ಇಲಾಖೆಗಳ ಕಾರ್ಯಕ್ರಮ ಹಿಡಿದು ಬದುಕಿದ್ದ. ಈಗ ನನ್ನಂಥವರಿಂದ ಅದೂ ನಿಲ್ಲುವುದರಲ್ಲಿತ್ತು.

"ಶಾಮಿಯಾನ ಹಾಕಬ್ಯಾಡ ಅಂತ ನಾ ಅನ್ನಂಗಿಲ್ಲ," ಎಂದೆ. "ಮದುವಿಗೆ ಹಾಕು, ನಾಮಕರಣಕ್ಕ ಹಾಕು. ಸರ್ಕಾರದ ರೊಕ್ಕದಾಗ ಮಂತ್ರಿಗೆ ನೆಳ್ಳು ಮಾಡೂದು ಬಿಡು."

"ನಿನ್ನ ಬುದ್ಧಿ ಮಾತು ತಿಂದ್ರ ಹೊಟ್ಟಿ ತುಂಬಂಗಿಲ್ಲ," ಎಂದು ಚಹಾ ಕುಡಿಯದೆ ಹೋದ. ನಾನು ಬಾಗಿಲವರೆಗೆ ಹೋಗಿ ಕರೆಯಲಿಲ್ಲ. ಕಿನ್ನಾಳದಿಂದಲೂ ಗೊಂಬೆ ಮಾಡುವ ಒಬ್ಬ ಹಿರಿಯರು ಬಂದು, "ಶಾಲು ಬಿಟ್ರ ಬಿಡ್ರಿ, ಗೊಂಬಿ ಯಾಕ ಬಿಟ್ರಿ," ಎಂದು ಕೇಳಿಹೋದರು. ಕಡಿತ ಎಂಬುದು ಆದೇಶದಲ್ಲಿ ಒಂದು ಸಾಲು. ಆ ಸಾಲಿನ ಕೆಳಗೆ ಯಾರು ಯಾರು ನಿಂತಿರುತ್ತಾರೆ ಎಂದು ಬರೆದವರಿಗೆ ಕಾಣುವುದಿಲ್ಲ, ಜಾರಿ ಮಾಡುವವರ ಮನೆಬಾಗಿಲಿಗೆ ಅವರು ಬರುತ್ತಾರೆ. ಹೊಸದಾಗಿ ಸೇರಿದವರು ಇದನ್ನು ತಿಳಿದಿರಬೇಕು.

ಮುಂದಿನ ವಾರ ನಮ್ಮ ಕಚೇರಿ ಎದುರು ಧರಣಿ ಕೂತಿತು. ಜನಪ್ರತಿನಿಧಿಗಳನ್ನು ಅವಮಾನಿಸಿದ ಅಧಿಕಾರಿಯನ್ನು ಎತ್ತಂಗಡಿ ಮಾಡಿ ಎಂಬ ಬ್ಯಾನರು. ಹೊರಗೆ ಬಂದು ನೋಡಿದರೆ ದೊಡ್ಡ ಶಾಮಿಯಾನ, ಸಾಲಾಗಿ ಹೊಸ ಕುರ್ಚಿ, ಎರಡು ದಿಕ್ಕಿಗೆ ಮೈಕ್. ಕಂಬದ ಹಗ್ಗ ಬಿಗಿಯುತ್ತಿದ್ದವನು ಯಮನೂರ. ದುಂದುವೆಚ್ಚ ನಿಲ್ಲಿಸಬೇಡಿ ಎಂಬ ಧರಣಿಗೆ ಅವನದೇ ಶಾಮಿಯಾನ, ಅದರ ನೆರಳಲ್ಲಿ ಅವನ ಅಕ್ಕನನ್ನು ಬೈಯುವವರು. ಅವನು ನನ್ನನ್ನು ನೋಡಿ ತಲೆ ತಗ್ಗಿಸಿ ಹಗ್ಗವನ್ನೇ ಬಿಗಿದ.

ಮನವಿ ತೆಗೆದುಕೊಳ್ಳಲು ತಹಶೀಲ್ದಾರರು ನನ್ನನ್ನೇ ಕಳಿಸಿದರು. ನನ್ನನ್ನು ತೆಗೆಯಿರಿ ಎಂಬ ಮನವಿಯನ್ನು ನಾನೇ ತೆಗೆದುಕೊಂಡು, ಓದಿ, ಸಹಿ ಮಾಡಿ ಸ್ವೀಕೃತಿ ಕೊಟ್ಟೆ. ಅದರಲ್ಲಿ "ದುರ್ವರ್ತನೆ" ಎಂಬುದನ್ನು "ದುರ್ವತನೆ" ಎಂದು ಬರೆದಿದ್ದರು. ತಿದ್ದಿಕೊಡಲೇ ಎಂದು ಕೇಳಿದೆ. ಮುಂದೆ ಕುಳಿತಿದ್ದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದರು. ಅವರ ನಡುವೆ ಕುಳಿತಿದ್ದ ಧಣಿ ನಗಲಿಲ್ಲ.

ಇಲ್ಲಿಯವರೆಗೆ ನಾನು ಸುತ್ತೋಲೆಯ ಬೆನ್ನಿಗೆ ನಿಂತಿದ್ದೆ. ಮುಂದಿನದು ಅದರ ಎದುರಿಗೆ ನಿಂತ ಕಥೆ.

ಪ್ರತಿ ಕಚೇರಿಯೂ ಎಷ್ಟು ಉಳಿಸಿತು ಎಂದು ವರದಿ ಕೊಡಬೇಕಾಗಿತ್ತು. ಜಿಲ್ಲಾ ಮಟ್ಟದ ಒಬ್ಬ ಹಿರಿಯ ಅಧಿಕಾರಿ ಅದರ ಉಸ್ತುವಾರಿ. ನಾವು ಅವರನ್ನು ಹಿರಿಯ ಸಾಹೇಬರು ಎನ್ನುತ್ತಿದ್ದೆವು. ಅವರು ನನ್ನನ್ನು ಕರೆಸಿದರು. ಅವರ ಕೊಠಡಿ ತಂಪಾಗಿತ್ತು, ಹೊರಗೆ ಅವರ ಹೆಸರಿನಲ್ಲಿ ಎರಡು ಕಾರು ನಿಂತಿದ್ದವು. ಒಂದು ಅವರಿಗೆ. ಇನ್ನೊಂದು ಅವರ ಮನೆಯ ಮೇಡಂ ಅವರಿಗೆ, ಮಕ್ಕಳ ಶಾಲೆಗೆ, ತರಕಾರಿಗೆ.

"ನಿಮ್ಮ ಪ್ರವಾಸಿ ಮಂದಿರದ ಅಡುಗೆಯವಳು, ಇಬ್ಬರು ಮಾಲಿಗಳು ದಿನಗೂಲಿ ಅಲ್ವಾ?" ಎಂದರು. ಅವರು ಈ ಕಡೆಯವರಲ್ಲ, ಮಾತು ಮೈಸೂರಿನ ಕಡೆಯದು. "ಮುಂದಿನ ತಿಂಗಳಿಂದ ನಿಲ್ಲಿಸಿಬಿಡಿ. ಹೆಚ್ಚುವರಿ ದಿನಗೂಲಿಗಳನ್ನ ಕೈಬಿಡಿ ಅಂತ ಎರಡನೇ ಸುತ್ತೋಲೆಯಲ್ಲೇ ಇದೆ. ನಮ್ಮ ವರದಿ ಚೆನ್ನಾಗಿ ಕಾಣತ್ತೆ."

"ಸರ್, ಅದೇ ಸುತ್ತೋಲಿಯಾಗ ಒಂದ ವಾಹನ ಅಂತಾನೂ ಐತ್ರಿ."

"ಅದು ಬೇರೆ ವಿಷಯ."

"ಒಂದ ಕಾಗದದಾಗ ಇದ್ದದ್ದು ಬ್ಯಾರೆ ಹೆಂಗಾಕ್ಕೈತ್ರಿ? ಮೊದಲ ಕಾರು ಬಿಡೂಣ್ರಿ. ಆಮ್ಯಾಲ ಹುಲಿಗೆಮ್ಮನ ವಿಷಯ ಮಾತಾಡೂಣು."

ಅವರು ಪೆನ್ನು ಕೆಳಗಿಟ್ಟರು. "ನೀವು ಆ ಮಾಜಿ ಶಾಸಕರ ಹತ್ರ ಹೀರೋಯಿನ್ ಆದ್ರಿ ಅಂತ ನನ್ನ ಹತ್ರಾನೂ ಆಗಬೇಡಿ ದುರುಗಮ್ಮ."

ನಾನು ಕೆಲಸ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಲಿಲ್ಲ. ಮೂರು ದಿನಕ್ಕೆ ಕಾರಣ ಕೇಳಿ ನೋಟಿಸು ಬಂತು. ಈಗ ನನ್ನ ಸ್ಥಿತಿ ನೋಡಿ: ಆದೇಶ ಪಾಲಿಸಿದಳು ಎಂದು ಹೊರಗೆ ಧರಣಿ, ಪಾಲಿಸಲಿಲ್ಲ ಎಂದು ಒಳಗೆ ನೋಟಿಸು. ನನ್ನ ಯಜಮಾನರು ಪ್ರಾಥಮಿಕ ಶಾಲೆ ಮಾಸ್ತರರು, ಹೆಚ್ಚು ಮಾತಿನವರಲ್ಲ. ನೋಟಿಸು ಓದಿ, "ಇಬ್ರೂ ಬೈಯಾಕತ್ಯಾರ ಅಂದ್ರ ನೀ ಎಲ್ಲೋ ನಡು ನಿಂತೀದಿ. ನಿಂದರು," ಎಂದು ಊಟಕ್ಕೆ ಕುಳಿತರು.

ಹುಲಿಗೆಮ್ಮನಿಗೆ ಸುದ್ದಿ ಯಾರೋ ಹೇಳಿದ್ದರು. ಅವಳು ಬಂದು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಅಕ್ಕಾರ, ನನ್ನ ಸಲುವಾಗಿ ನಿಮ್ಮ ನೌಕರಿಗಿ ಕುತ್ತು ತಂದ್ಕೋಬ್ಯಾಡ್ರಿ. ನಾನು ಭತ್ತದ ನಾಟಿಗಿ ಹೊಕ್ಕೀನಿ. ಆದ್ರ ಒಂದ ಮಾತು. ಇಷ್ಟ ವರ್ಷ ಸಾಹೇಬ್ರು ಉಂಡ ಎಲಿ ನಾನ ತಗದೀನಿ. ನಾ ಹೆಂಗ ಹೆಚ್ಚಿನಾಕಿ ಆದೆ?" ಎಂದಳು. ಆ ಮಾತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆರಬಾರದು ಎಂದೇ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ರಾಜ್ಯಪಾಲರೇ ನಮ್ಮ ಜಿಲ್ಲೆಗೆ ಬರುವ ಕಾರ್ಯಕ್ರಮ ಬಂತು. ಕಾಲುವೆ ನೋಡಿ, ಗಂಗಾವತಿಯ ಪ್ರವಾಸಿ ಮಂದಿರದಲ್ಲಿ ಊಟ ಮಾಡಿ, ಅಲ್ಲೇ ಅಧಿಕಾರಿಗಳ ಸಭೆ. ಕಮಾನು ಕಟ್ಟಲಿಲ್ಲ. ಹೂವು ತರಲಿಲ್ಲ. ಕಾರಿನಿಂದ ಇಳಿದವರು ಮುದುಕರು, ಸ್ವಲ್ಪ ಬಾಗಿದ ಬೆನ್ನು, ತೊಳೆದು ತೊಳೆದು ಮೆತ್ತಗಾದ ಬಿಳಿ ಜುಬ್ಬಾ. ಉತ್ತರದ ಕಡೆಯವರು, ಕನ್ನಡ ಬಾರದು. ಹಿರಿಯ ಸಾಹೇಬರು ಹಿಂದಿಯಲ್ಲಿ ವಿವರಿಸುತ್ತಾ ಪಕ್ಕದಲ್ಲೇ ನಡೆದರು.

ಹುಲಿಗೆಮ್ಮ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ರಾಜ್ಯಪಾಲರು ನಿಧಾನವಾಗಿ ಉಂಡರು. ಅವರ ಕಾರ್ಯದರ್ಶಿ ಊಟದ ದುಡ್ಡು ಕೊಟ್ಟು ರಸೀದಿ ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಕೈ ತೊಳೆದು ಬಂದ ರಾಜ್ಯಪಾಲರು ಅಡುಗೆ ಯಾರದ್ದು ಎಂದು ಕೇಳಿದರು. ಹಿರಿಯ ಸಾಹೇಬರು ಹುಲಿಗೆಮ್ಮನನ್ನು ತೋರಿಸಿ, ಇವಳು ದಿನಗೂಲಿ, ತಮ್ಮ ಆದೇಶದಂತೆ ಮುಂದಿನ ತಿಂಗಳು ಕೈಬಿಡುತ್ತಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದರು.

ನನ್ನ ಬಾಯಿಂದ ಕನ್ನಡದಲ್ಲೇ ಬಂತು. "ಇದು ಸರಿ ಅಲ್ರಿ ಸರ್."

ಈಕೆ ಏನೆನ್ನುತ್ತಿದ್ದಾರೆ ಎಂದು ರಾಜ್ಯಪಾಲರು ಕೇಳಿದರು. ಎಲ್ಲ ಸಿಬ್ಬಂದಿ ಸಹಕರಿಸುತ್ತಿದ್ದಾರೆ ಎನ್ನುತ್ತಿದ್ದಾರೆ ಎಂದು ಹಿರಿಯ ಸಾಹೇಬರು ಹಿಂದಿಯಲ್ಲಿ ಅನುವಾದಿಸಿದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಕೊಪ್ಪಳದಲ್ಲಿ ಬಾಡಿಗೆಗಿದ್ದ ಓಣಿಯ ತುಂಬ ಮುಸಲ್ಮಾನರ ಮನೆಗಳು. ಅಲ್ಲಿಯ ಹೆಣ್ಣುಮಕ್ಕಳ ಸಂಗಡ ಮಾತಾಡಿ ಮಾತಾಡಿ ಈ ಕಡೆಯ ಉರ್ದು ನನ್ನ ನಾಲಿಗೆಗೆ ಹತ್ತಿತ್ತು. ಅದು ಹಿಂದಿ ಅಲ್ಲ, ಆದರೆ ಹಿಂದಿಯವರಿಗೆ ತಿಳಿಯುತ್ತದೆ.

"ನಹೀ ಸಾಬ್," ಎಂದೆ. "ಮೈ ಐಸಾ ನಹೀ ಬೋಲಿ." ನಾನು ಹಾಗೆ ಹೇಳಿಲ್ಲ ಎಂದು.

ಹಾಲ್‌ನಲ್ಲಿದ್ದ ಅಧಿಕಾರಿಗಳೆಲ್ಲ ನನ್ನ ಕಡೆ ತಿರುಗಿದರು. ರಾಜ್ಯಪಾಲರು ನನ್ನನ್ನು ಹತ್ತಿರ ಕರೆದರು. ಮುಂದೆ ನಡೆದ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. "ನೀವು ಕಮಾನು ಬೇಡವೆಂದಿರಿ, ನಿಲ್ಲಿಸಿದೆ. ಬಿಟ್ಟಿ ಊಟ ಬೇಡವೆಂದಿರಿ, ನಿಲ್ಲಿಸಿದೆ. ಅದಕ್ಕೆ ನನ್ನ ಮೇಲೆ ಧರಣಿ ಆಯಿತು. ಆದರೆ ಇಲ್ಲಿಯ ಒಬ್ಬ ಸಾಹೇಬರಿಗೆ ಎರಡು ಕಾರು ಇವೆ. ಅವನ್ನು ಬಿಟ್ಟು ಈ ಹೆಣ್ಣುಮಗಳನ್ನು ಒಲೆಯ ಮುಂದಿನಿಂದ ಎಬ್ಬಿಸಿದರೆ ಅದು ಉಳಿತಾಯ ಅಲ್ಲ."

ರಾಜ್ಯಪಾಲರು ಹುಲಿಗೆಮ್ಮನ ಕಡೆ ನೋಡಿ ನನ್ನ ಕಡೆ ತಿರುಗಿದರು. "ಹೆಚ್ಚುವರಿ ದಿನಗೂಲಿ ಎಂಬ ಮಾತು ನನ್ನ ಆದೇಶದಲ್ಲೇ ಇದೆ," ಎಂದರು.

"ಹಾಗಾದರೆ ಅಷ್ಟು ಭಾಗ ತಪ್ಪು ಸಾಬ್."

ಯಾರೋ ಕೆಮ್ಮಿದರು. ರಾಜ್ಯಪಾಲರ ಮುಖದಲ್ಲಿ ಸಿಟ್ಟು ಕಂಡಿತು, ಕಂಡಿಲ್ಲ ಎಂದು ಸುಳ್ಳು ಹೇಳಲಾರೆ. "ಎಲ್ಲ ಪಕ್ಷದವರೂ ನನ್ನನ್ನು ಬೈಯುತ್ತಿದ್ದಾರೆ. ಜಾರಿ ಮಾಡಿದ ನೀವೂ ತಪ್ಪು ಎನ್ನುತ್ತೀರಾ?"

"ಸರಿ ಇದ್ದದ್ದನ್ನು ಜಾರಿ ಮಾಡಿದೆ. ತಪ್ಪಿದ್ದದ್ದನ್ನು ತಪ್ಪು ಎಂದೆ. ಎರಡೂ ನನ್ನ ಕೆಲಸವೇ."

ಅವರು ಹಿರಿಯ ಸಾಹೇಬರ ಕಡೆ ತಿರುಗಿ ಕಾರು ಎಷ್ಟು ಎಂದು ಕೇಳಿದರು. ಕ್ಷೇತ್ರ ಪರಿಶೀಲನೆಗೆ ಎಂದು ಸಾಹೇಬರು ಏನೋ ಶುರುಮಾಡಿದರು. ರಾಜ್ಯಪಾಲರು ಕೈ ಎತ್ತಿ ನಿಲ್ಲಿಸಿ, ನನಗೆ ಬರೆದು ಕೊಡಲು ಹೇಳಿ ಸಭೆಗೆ ಹೋದರು. ನಾನು ಅಲ್ಲೇ ಕುಳಿತು ಅರ್ಧ ಪುಟ ಬರೆದು ಕಾರ್ಯದರ್ಶಿಯ ಕೈಗೆ ಕೊಟ್ಟೆ.

ಕೆಲವು ವಾರಗಳ ನಂತರ ತಿದ್ದುಪಡಿ ಬಂತು. ಅಡುಗೆ ಮತ್ತು ಸ್ವಚ್ಛತೆಯ ದಿನಗೂಲಿಗಳನ್ನು ಕೈಬಿಡುವಂತಿಲ್ಲ. ಎರಡನೇ ವಾಹನ ಇಟ್ಟುಕೊಂಡವರು ಲಿಖಿತ ಕಾರಣ ಕೊಡಬೇಕು. ಹಿರಿಯ ಸಾಹೇಬರ ಎರಡನೇ ಕಾರು ಹೋಯಿತು. ನನ್ನ ನೋಟಿಸಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಹುಲಿಗೆಮ್ಮ ಉಳಿದಳು. ಮಾಲಿಗಳು ಮಾತ್ರ ಅಡುಗೆಗೂ ಸೇರಲಿಲ್ಲ, ಸ್ವಚ್ಛತೆಗೂ ಸೇರಲಿಲ್ಲ. ಆ ಇಬ್ಬರೂ ಹೋದರು. ಒಬ್ಬ ಸಿದ್ದಾಪುರದಲ್ಲಿ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿದ, ಇನ್ನೊಬ್ಬ ಎಲ್ಲಿ ಹೋದನೋ ತಿಳಿಯಲಿಲ್ಲ. ನಾನು ಬರೆದ ಅರ್ಧ ಪುಟದಲ್ಲಿ ಅವರ ಹೆಸರೂ ಇತ್ತು. ಗೆದ್ದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಸೋಲಲಿಲ್ಲ ಎಂದಷ್ಟೇ.

ಚುನಾವಣೆ ನಡೆದು ಹೊಸ ಸರ್ಕಾರ ಬಂತು. ರಾಜ್ಯಪಾಲರ ಸುತ್ತೋಲೆಗಳನ್ನು ಯಾರೂ ರದ್ದು ಮಾಡಲಿಲ್ಲ, ಮರೆತರು ಅಷ್ಟೇ. ಕಮಾನುಗಳು ಮೊದಲಿಗಿಂತ ಎತ್ತರವಾದವು. ಧಣಿ ಗೆದ್ದು ಯಾವುದೋ ನಿಗಮದ ಅಧ್ಯಕ್ಷರಾದರು. ಮೊದಲ ಪಟ್ಟಿಯಲ್ಲೇ ನನ್ನ ವರ್ಗಾವಣೆ ಯಲಬುರ್ಗಾಕ್ಕೆ ಆಯಿತು.

ಅಲ್ಲಿ ಒಂದು ದಿನ ನಿಗಮದ ಸವಲತ್ತು ವಿತರಣೆ ಕಾರ್ಯಕ್ರಮ. ಹೊಲಿಗೆ ಯಂತ್ರ ಕೊಡುವುದು. ಮೈದಾನದ ತುಂಬ ಹೆಣ್ಣುಮಕ್ಕಳು. ಶಾಮಿಯಾನ ಮತ್ತು ಮೈಕ್ ಯಮನೂರನದು. ಧರಣಿಯ ದಿನದಿಂದ ಅವನು ನನ್ನ ಮನೆಗೆ ಬಂದಿರಲಿಲ್ಲ. ಅವನು ತನ್ನ ಪೆಟ್ಟಿಗೆಯ ಮುಂದೆ ಕುಳಿತು ಗುಂಡಿ ತಿರುಗಿಸುತ್ತಿದ್ದ, ನಾನು ವೇದಿಕೆಯ ಕೆಳಗೆ ಫಲಾನುಭವಿಗಳನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದೆ.

ಧಣಿ ಭಾಷಣದ ನಡುವೆ ನನ್ನನ್ನು ಕಂಡರು. "ನೋಡ್ರಿ, ಈ ಮೇಡಂ ಇಲ್ಲೇ ಅದಾರ. ಹಿಂದಕ ಗಂಗಾವತಿ ಪ್ರವಾಸಿ ಮಂದಿರದಾಗ ನನಗ ಒಂದ ಕಪ್ ಚಾ ಸೈತ ಕೊಟ್ಟಿರಲಿಲ್ಲ ಇವರು," ಎಂದರು. ಹಿಂಬಾಲಕರು ನಕ್ಕರು. ಜನ ನನ್ನ ಕಡೆ ನೋಡಿದರು. "ಬರ್ರಿ ಮೇಡಂ, ಮ್ಯಾಲ ಬರ್ರಿ. ನಾವು ಮನಸ್ಸಿನಾಗ ಇಟಗೊಳ್ಳೋರಲ್ಲ. ನಿಮಗೊಂದು ಶಾಲು ಹಾಕ್ತೀನಿ."

ಮೇಲೆ ಹೋದೆ. ಅವರು ಶಾಲು ಬಿಡಿಸುವಷ್ಟರಲ್ಲಿ ನಾನು ಮೈಕಿನ ಮುಂದೆ ನಿಂತಿದ್ದೆ.

"ಅಧ್ಯಕ್ಷರು ಮರತಾರ," ಎಂದೆ. "ನಾನು ಚಾ ಕೊಟ್ಟಿದ್ದೆ. ರೊಕ್ಕ ತಗೊಂಡಿದ್ದೆ."

ಮೊದಲ ಪದ ಹೇಳುವಾಗ ನನ್ನ ದನಿ ಸಣ್ಣಗಿತ್ತು. ಎರಡನೆಯ ವಾಕ್ಯ ಬರುವ ಹೊತ್ತಿಗೆ ಮೈಕಿನ ದನಿ ಒಮ್ಮೆಲೇ ಏರಿತು, ಬಸ್ ನಿಲ್ದಾಣದವರೆಗೂ ಕೇಳುವಷ್ಟು. ಹೆಣ್ಣುಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಮೈದಾನವೇ ನಕ್ಕಿತು. ನಾನು ಶಾಲನ್ನು ತೆಗೆದುಕೊಳ್ಳದೆ ಕೆಳಗಿಳಿದೆ. ಯಮನೂರ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವನು ತಂತಿ ಸುತ್ತುತ್ತಿದ್ದಲ್ಲಿಗೆ ಹೋದೆ.

"ದನಿ ನೀನಾ ಏರಿಸಿದಿ?"

"ಹಿಂದ ಕುಂತೋರಿಗೆ ಕೇಳವಲ್ದಾಗಿತ್ತು," ಎಂದ. ಸ್ವಲ್ಪ ಹೊತ್ತು ತಂತಿ ಸುತ್ತಿ, "ಮನಿಯಾಗ ಏನ್ ಅಡಿಗಿ ಮಾಡೀದಿ?" ಎಂದು ಕೇಳಿದ. ಅವತ್ತು ಅವನು, ಅವನ ಹುಡುಗರು ಎಲ್ಲರೂ ನಮ್ಮ ಮನೆಯಲ್ಲೇ ಉಂಡರು. ಮದುವೆ ಸೀಸನ್ನಿನಲ್ಲಿ ಕೆಲಸ ಚೆನ್ನಾಗಿದೆ, ಸರ್ಕಾರದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದ. ಅದು ನಿಜವೋ ನನ್ನ ಸಮಾಧಾನಕ್ಕೆ ಹೇಳಿದನೋ ನಾನು ಕೆದಕಲಿಲ್ಲ.

ತರಬೇತಿಗೆ ಬಂದ ಮಕ್ಕಳಿಗೆ ಅಂದು ಹೇಳದ ಮಾತು ಇಷ್ಟೇ. ಖರ್ಚು ಕಡಿಮೆ ಮಾಡಿ ಎಂಬ ಆದೇಶ ನಿಮ್ಮ ಕಾಲಕ್ಕೂ ಬರುತ್ತದೆ. ಅದನ್ನು ಮೇಲಿನಿಂದ ಕೆಳಗೆ ಜಾರಿ ಮಾಡಿ. ಕೆಳಗಿನಿಂದ ಮೇಲಕ್ಕೆ ಶುರುಮಾಡಲು ಹೇಳುವವರ ಮುಂದೆ ಪೆನ್ನಿನ ಕ್ಯಾಪು ತೆಗೆಯಬೇಡಿ. ನಿಮ್ಮನ್ನು ಹೆದರಿಸಲು ಅವರು ವರ್ಗಾವಣೆಯ ಮಾತು ತೆಗೆಯುತ್ತಾರೆ. ಅದೆಷ್ಟು ದೊಡ್ಡ ಶಿಕ್ಷೆ ಎಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ಹೊಲಿಗೆ ಯಂತ್ರದ ಕಾರ್ಯಕ್ರಮ ಆಗಿ ಹದಿನೈದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋದಾಗ ನಮ್ಮ ಗುಮಾಸ್ತರು ಎದ್ದು ನಿಂತರು. ಕೈಯಲ್ಲಿ ಫ್ಯಾಕ್ಸ್ ಕಾಗದ, ಮನೆಯಲ್ಲಿ ಯಾರೋ ತೀರಿಕೊಂಡವರ ಮುಖ.

"ಮೇಡಂ, ಹೆಂಗ ಹೇಳ್ಲಿ ಅನ್ನೂದ ತಿಳಿವಲ್ದು. ಮತ್ತ ಹಾಕ್ಯಾರ್ರಿ ನಿಮ್ಮನ್ನ."

"ಎಲ್ಲಿಗಿ?"

"ಕುಷ್ಟಗಿಗಿ ರಿ. ಇವತ್ತ ಬಿಡುಗಡಿ ಆಗಬೇಕಂತ."

ಕಾಗದ ತೆಗೆದುಕೊಂಡು ಓದಿದೆ. ಸಾರ್ವಜನಿಕ ಹಿತದೃಷ್ಟಿಯಿಂದ ಎಂದಿತ್ತು. ಸಹಿ ಹಾಕಿ ಅವರ ಕೈಗೆ ವಾಪಸು ಕೊಟ್ಟೆ.

"ಕುಷ್ಟಗಿಗೆ ಬಸ್ಸು ಎಷ್ಟೊತ್ತಿಗೈತಿ, ಸ್ವಲ್ಪ ಕೇಳ್ರಿ," ಎಂದೆ.